ಗೋಡೆಗೆ ಎರಡು ವಾರ ಟೈಮ್

ಇಲ್ಲಾರೀ, ನಾನು ಮನೆಯೊಳಗೂ ಟೋಪಿ ಹಾಕ್ಕೊಂಡು ಕೂರ್ತಿದ್ದದ್ದು ಸ್ಟೈಲಿಗಲ್ಲ. ಕಾಲೇಜಿಗೆ ಕೈಮುಗಿದು ಹೊರಬಿದ್ದ ಮೇಲೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮ ಮೈಸೂರು ಕಡೆಯ ಜಿಪಿ, ಅಂದ್ರೆ ಅಲ್ಲಿನ ಫ್ಯಾಮಿಲಿ ಡಾಕ್ಟರೊಬ್ಬರ ಬೇಸ್‌ಮೆಂಟಲ್ಲಿ ಬಾಡಿಗೆಗಿದ್ದೆ. ಕಾರ್ಪೆಟ್ಟು, ಹೊಸ ಪೇಂಟು, ಎಲ್ಲಾ ಜೋರು. ಆದ್ರೆ ಹೀಟರ್ ಬಿಸಿಯೆಲ್ಲ ಗೋಡೇನೇ ಕುಡೀತಿತ್ತು.

"ಸರ್, ಗೋಡೆಗೆ ಚಳಿ ತಡೆಯೋ ಇನ್ಸುಲೇಷನ್ ಹಾಕ್ಸಿ. ನಾನಿಲ್ಲಿ ಸೆಟೆದು ಹೋಗ್ತೀನಿ" ಅಂದೆ.

ಡಾಕ್ಟರು ಕೆಳಗಿಳಿದು ಬಂದು ಗೋಡೆ ಮೇಲೆ ಅಂಗೈ ಇಟ್ಟರು. ಎರಡು ಬೆರಳಲ್ಲಿ ತಟ್ಟಿ, ಕಿವಿ ಕೊಟ್ಟು ಕೇಳಿದರು.

"ಎಷ್ಟು ದಿನದಿಂದ?"

"ನವೆಂಬರಿಂದ ಸರ್."

"ಬೆಳಿಗ್ಗೆ ಹೊತ್ತು ಜಾಸ್ತಿನಾ?"

"ಗೋಡೆಗಾ, ನನಗಾ?"

ಅವರ ಹೆಂಡತಿ ಮೆಟ್ಟಿಲ ಮೇಲಿಂದ ಕೂಗಿದರು. "ರೀ, ಅಲ್ಲಿಟ್ಟ ದೋಸೆ ಹಿಟ್ಟು ಮೂರು ದಿನ ಆದ್ರೂ ಉಬ್ಬಿಲ್ಲ. ಇನ್ಯಾವ ಟೆಸ್ಟ್ ಬೇಕು ನಿಮಗೆ?"

"ಹೊಸ ಪೇಂಟ್ ಹೊಡೆಸಿದ ಗೋಡೆ ಕೀಳ್ಬೇಕು ಕಣೇ. ಆಪರೇಷನ್ ಅಂದ್ರೆ ತಮಾಷೆನಾ?" ಅಂತ ಗದರಿ, ನನ್ನ ಕಡೆ ತಿರುಗಿದರು. "ಎರಡು ವಾರ ನೋಡೋಣ. ಬಿಸಿನೀರು ಚೆನ್ನಾಗಿ ಕುಡಿ. ಕಡಿಮೆ ಆಗದಿದ್ರೆ ಮತ್ತೆ ಬಾ."

"ಎಲ್ಲಿಗೆ ಬರ್ಲಿ ಸರ್? ನಾನಿರೋದೇ ಇಲ್ಲಿ!"

"ಅಪಾಯಿಂಟ್‌ಮೆಂಟ್ ತಗೊಂಡು ಬಾ" ಅಂದವರೇ ಮೆಟ್ಟಿಲು ಹತ್ತಿ, ಮೇಲಿನ ಬೆಚ್ಚಗಿನ ಗಾಳಿ ಒಂದು ಚೂರೂ ಕೆಳಗಿಳೀದ ಹಾಗೆ ಬಾಗಿಲು ಎಳ್ಕೊಂಡರು.