ಸೇತುವೆಯ ಮೇಲೆ ಬೆನ್ನಿಗಿದ್ದ ಲಾರಿ

ಆ ದಿನ ನಾವು ಇಬ್ಬರು ಹೋಗಬೇಕಿತ್ತು. ನಾವಿರುವ ಕುಷಾಯಿಗೂಡದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿರುವ, ನನ್ನ ಜೊತೆ ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗೆಳತಿ ಮತ್ತು ನಾನು. ಮಚಲೀಪಟ್ಟಣದವರೆಗೆ ಸೈಕಲ್ಲುಗಳನ್ನು ರೈಲಿನಲ್ಲಿ ಒಯ್ದು, ಅಲ್ಲಿಂದ ಕರಾವಳಿ ಹೆದ್ದಾರಿ ಹಿಡಿದು ಸಂಜೆಯೊಳಗೆ ಬಾಪಟ್ಲ ಸೇರುವುದು ನಮ್ಮ ಲೆಕ್ಕಾಚಾರ. ಹೊರಡುವ ಹಿಂದಿನ ದಿನ ಅವಳ ಮೊಣಕಾಲು ಬಾತುಕೊಂಡಿತು. ನಾನೊಬ್ಬಳೇ ಹೋಗುತ್ತೇನೆ ಅಂದಾಗ ನನ್ನ ಗಂಡ ಸೈಕಲ್ಲಿನ ಬ್ರೇಕ್ ಒತ್ತಿ ನೋಡಿದರು. ಆಮೇಲೆ, "ಐವತ್ತು ದಾಟೇತಿ ನಿನಗ. ಒಬ್ಬಾಕಿನ ಹೈವೇದಾಗ ಯಾಕ ಹೊಂಟಿ?" ಅಂದರು.

ಯಾಕೆ ಅನ್ನುವುದನ್ನು ನಾನು ಅವರಿಗೆ ಸರಿಯಾಗಿ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಬಸ್ಸೊಂದು ನನ್ನ ಸೈಕಲ್ಲಿನ ಹ್ಯಾಂಡಲ್ಲನ್ನು ಸವರಿಕೊಂಡು ಹೋಗಿತ್ತು. ಬಿದ್ದೆ, ಮುಂಗೈ ಮುರಿಯಿತು, ಕೂಡಿಕೊಂಡಿತು. ಆದರೆ ಅಂದಿನಿಂದ ಬೆನ್ನ ಹಿಂದೆ ಹಾರ್ನ್ ಕೇಳಿದರೆ ಸಾಕು, ಭುಜಗಳು ಬಿಗಿದುಕೊಂಡು ಉಸಿರು ನಿಲ್ಲುತ್ತದೆ. ಭಾನುವಾರಗಳಂದು ತಾರ್ನಾಕದ ವಿಶ್ವವಿದ್ಯಾಲಯದೊಳಗಿನ ಖಾಲಿ ರಸ್ತೆಗಳಲ್ಲಿ ಎಷ್ಟು ಸುತ್ತು ಹೊಡೆದರೂ ಅದು ಹೋಗಲಿಲ್ಲ. ಅಲ್ಲಿ ಹಾರ್ನೇ ಇಲ್ಲವಲ್ಲ. ಗಾಡಿಗಳ ನಡುವೆ ಒಂದು ದಿನ ಪೂರ್ತಿ ಕಳೆದರೆ ಹೆದರಿಕೆ ಬಿಟ್ಟೀತು, ಇಲ್ಲದಿದ್ದರೆ ಸೈಕಲ್ಲನ್ನೇ ಬಿಟ್ಟರಾಯಿತು ಅಂದುಕೊಂಡಿದ್ದೆ.

ಬೆಳಕು ಹರಿಯುವ ಹೊತ್ತಿಗೆ ಮಚಲೀಪಟ್ಟಣದ ಲಾಡ್ಜ್ ಬಿಟ್ಟೆ. ಕರಾವಳಿ ರಸ್ತೆ ಅಂದರೂ ಸಮುದ್ರ ಕಾಣಲಿಲ್ಲ. ಎರಡೂ ಬದಿಗೆ ಗದ್ದೆ, ಮೀನು ಸಾಕುವ ಹೊಂಡಗಳು; ಗಾಳಿಯಲ್ಲಿ ಮಾತ್ರ ಉಪ್ಪಿನ ವಾಸನೆ. ಏಳು ಗಂಟೆಯ ಮೇಲೆ ಲಾರಿಗಳು ಹೆಚ್ಚಾದವು. ಮೀನಿನ ಪೆಟ್ಟಿಗೆ ಹೊತ್ತ ಗಾಡಿಗಳು ಮಂಜುಗಡ್ಡೆಯ ನೀರು ಸುರಿಸುತ್ತಾ ಪಕ್ಕದಲ್ಲೇ ನುಗ್ಗಿ ಹೋಗುತ್ತಿದ್ದವು. ಪ್ರತಿ ಹಾರ್ನಿಗೂ ನಾನು ಡಾಂಬರು ಬಿಟ್ಟು ಮಣ್ಣಿಗೆ ಇಳಿಯುತ್ತಿದ್ದೆ, ಮತ್ತೆ ಹತ್ತುತ್ತಿದ್ದೆ. ಒಮ್ಮೆ ಎದುರಿನ ಬಸ್ಸೊಂದು ಲಾರಿಯನ್ನು ಹಿಂದೆ ಹಾಕುತ್ತಾ ನೇರ ನನ್ನ ಕಡೆಗೇ ಬಂತು. ಗಾಬರಿಯಲ್ಲಿ ಇಳಿಸುವಾಗ ಮುಂದಿನ ಗಾಲಿ ಕೆಸರಿನಲ್ಲಿ ಸಿಕ್ಕಿ ಮಗ್ಗುಲಿಗೆ ಬಿದ್ದೆ. ಮೊಣಕೈ ತರಚಿತು, ಚೈನು ಕಳಚಿತು. ಅದನ್ನು ಹಾಕಲು ಹೋದರೆ ಬೆರಳುಗಳು ಎರಡು ಸಲ ಜಾರಿದವು. ಕಾರ್ಖಾನೆಯಲ್ಲಿ ದಿನವಿಡೀ ಕೂದಲೆಳೆಯಂಥ ತಂತಿಗಳ ಬೆಸುಗೆ ಪರೀಕ್ಷಿಸುವ ಬೆರಳುಗಳು ಅವು.

ಹಾಗೂ ಹೀಗೂ ಕೃಷ್ಣಾ ನದಿಯ ಸೇತುವೆ ತಲುಪಿದೆ. ಕೃಷ್ಣೆ ಸಮುದ್ರ ಸೇರುವ ಮುಂಚಿನ ಜಾಗ ಅದು. ನಾನು ಬಾಗಲಕೋಟೆ ಕಡೆಯವಳು, ಚಿಕ್ಕವಳಿದ್ದಾಗ ಇದೇ ನದಿಯಲ್ಲಿ ಈಜಿದವಳು. ಆದರೂ ಇಷ್ಟು ಅಗಲದ ಕೃಷ್ಣೆಯನ್ನು ನೋಡಿರಲಿಲ್ಲ. ಸೇತುವೆಯ ಇನ್ನೊಂದು ತುದಿ ಕಾಣುತ್ತಿರಲಿಲ್ಲ. ಬದಿಯಲ್ಲಿ ಇಳಿಯಲು ಮಣ್ಣಿರಲಿಲ್ಲ, ಮೋಟುಗೋಡೆ ಮಾತ್ರ. ಎದುರುಬದುರು ಎರಡು ಗಾಡಿಗಳು ಬಂದರೆ ನನಗೆ ಉಳಿಯುವುದು ಒಂದು ಗೇಣು ಜಾಗ. ಎರಡು ಸಲ ಹೊರಟು ನಾಲ್ಕು ಮಾರು ಹೋಗಿ ಸೈಕಲ್ ತಿರುಗಿಸಿಕೊಂಡು ಬಂದೆ. ಕೊನೆಗೆ ಅಲ್ಲೇ ಇದ್ದ ಚಹದಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟೆ. ಗಂಡನ ಫೋನ್ ಬಂತು.

"ಎಲ್ಲಿ ಅದೀ?"

"ಬ್ರಿಜ್ ಹತ್ರ ಅದೀನ್ರಿ. ಚಾ ಕುಡ್ಯಾಕತ್ತೀನಿ."

"ದನಿ ಯಾಕ ಹಂಗೈತಿ?"

"ಬಾಜೂಕ ಜಾಗಾನ ಇಲ್ರಿ ಇಲ್ಲಿ. ಒಂದು ತಾಸಾತು ಕುಂತು. ನನಗ ದಾಟಾಕ ಆಗವಲ್ದು."

ಬೈಯುತ್ತಾರೆ ಅಂದುಕೊಂಡಿದ್ದೆ. "ಯಾವ್ದರ ಗಾಡಿಯಾಗ ಸೈಕಲ್ ಹಾಕ್ಕೊಂಡು ದಾಟು. ಅದ್ರಾಗೇನೈತಿ," ಅಂದರು, ಮೆತ್ತಗೆ. ಅದರಿಂದ ಬೈಗುಳಕ್ಕಿಂತ ಹೆಚ್ಚು ನೋವಾಯಿತು.

ಫೋನ್ ಇಟ್ಟಾಗ ಪಕ್ಕದ ಬೆಂಚಿನಲ್ಲಿದ್ದವನೊಬ್ಬ, "ಅಕ್ಕಾರ, ಯಾ ಊರ್ನೋರ್ರಿ?" ಅಂದ. ನಲವತ್ತರ ಆಸುಪಾಸಿನ ಲಾರಿ ಚಾಲಕ, ಸಿಂಧನೂರು ಕಡೆಯವನು. ಅಲ್ಲಿಯ ಅಕ್ಕಿ ಗಿರಣಿಯಿಂದ ಮೀನಿನ ಹೊಂಡಗಳಿಗೆ ತೌಡು ತಂದಿದ್ದ. ನಾನು ಊರು ಹೇಳಿದೆ. ಅವನು ನನ್ನ ಮೊಣಕೈ ನೋಡಿದ, ಸೈಕಲ್ ನೋಡಿದ.

"ಗಾಡಿಯಾಗ ಹಾಕ್ತೀರಂದ್ರ ಹಾಕೋಣ. ಇಲ್ಲಾಂದ್ರ ನೀವು ಮುಂದ ಹೊಡೀರಿ, ನಾ ನಿಮ್ಮ ಹಿಂದ ಸಾವಕಾಶ ಬರ್ತೀನಿ. ನನ್ನ ಗಾಡಿ ದಾಟಿ ನಿಮಗ ಯಾರೂ ಹತ್ತಂಗಿಲ್ಲ."

ನನಗೆ ತಕ್ಷಣ ಒಪ್ಪಲು ಆಗಲಿಲ್ಲ. ಗುರುತಿಲ್ಲದ ಮನುಷ್ಯ, ಅವನದು ಹತ್ತು ಗಾಲಿಯ ಲಾರಿ, ಅದನ್ನು ನಾನೇ ಬೆನ್ನಿಗೆ ಹಚ್ಚಿಕೊಳ್ಳುವುದು. ಆದರೆ ಗಂಡನ ಆ ಮೆತ್ತನೆಯ ದನಿ ಕಿವಿಯಲ್ಲೇ ಇತ್ತು. "ಆತ್ರಿ ಅಣ್ಣಾರ," ಅಂದೆ.

ಅವನು ನಾಲ್ಕೂ ದೀಪ ಮಿಣುಕಿಸುತ್ತಾ ಹಿಂದೆ ಬಂದ. ಎಂಜಿನ್ನಿನ ಗುಡುಗು ನನ್ನ ಸೀಟಿನೊಳಗೆ ನಡುಗುತ್ತಿತ್ತು. ಅವನ ಹಿಂದೆ ಸಾಲುಗಟ್ಟಿದ ಗಾಡಿಗಳೆಲ್ಲ ಹಾರ್ನ್ ಹೊಡೆಯತೊಡಗಿದವು. ನಡುಸೇತುವೆಯಲ್ಲಿ ಕಾರೊಂದು ತಾಳ್ಮೆಗೆಟ್ಟು ಲಾರಿಯನ್ನೂ ನನ್ನನ್ನೂ ದಾಟಿ ಹೋಯಿತು. ಹ್ಯಾಂಡಲ್ ಅಲುಗಾಡಿ, ನಾನು ಕಾಲು ಊರಿ ನಿಂತುಬಿಟ್ಟೆ. ಹಿಂದಿನ ಸಾಲು ಪೂರ್ತಿ ನಿಂತಿತು. ಈಗ ಅವನೂ ಹಾರ್ನ್ ಹೊಡೆಯುತ್ತಾನೆ ಅಂತ ಕಾದೆ.

ಅವನು ಕಿಟಕಿಯಿಂದ ತಲೆ ಹೊರಹಾಕಿ, "ಗಡಿಬಿಡಿ ಇಲ್ರಿ ಅಕ್ಕಾರ. ನೀರು ಕುಡೀರಿ," ಅಂದ.

ಕುಡಿದೆ. ಅರ್ಧ ಮೈಮೇಲೆ ಚೆಲ್ಲಿತು. ಮತ್ತೆ ಪೆಡಲ್ ತುಳಿದೆ, ಮುಂದಿನ ಗಾಲಿಯೊಂದನ್ನೇ ನೋಡುತ್ತಾ. ನದಿಯನ್ನು ನೋಡಲೇ ಇಲ್ಲ.

ಆಚೆ ದಡದಲ್ಲಿ ಅವನು ಲಾರಿ ಬದಿಗೆ ಹಾಕಿದ. ಹಿಂದಿದ್ದವರು ಬೈಯುತ್ತಾ ಮುಂದೆ ಹೋದರು. ಲಾರಿಯ ಬಾಗಿಲ ಹತ್ತಿರ ಹೋಗಿ ನಿಂತೆ. ಅವನೇ ಅಂದ: "ನಾನೂ ಒಮ್ಮೆ ಗಾಡಿ ಪಲ್ಟಿ ಹೊಡಿಸೀನ್ರಿ. ಮೂರು ತಿಂಗಳು ಸ್ಟೇರಿಂಗ್ ಮುಟ್ಟಿದ್ದಿಲ್ಲ."

"ಈಗ ಹೆದರಿಕಿ ಹೋಗೇತೇನ್ರಿ?"

"ಎಲ್ಲಿ ಹೋಗ್ತೈತ್ರಿ? ಐತಿ. ಅದಕ್ಕ ಸಾವಕಾಶ ಓಡಸ್ತೀನಿ." ನಕ್ಕು, ಗೇರು ಹಾಕಿ ಹೊರಟ.

ಉಳಿದ ದಾರಿ ಸುಲಭವಾಯಿತು ಅಂದರೆ ಸುಳ್ಳಾಗುತ್ತದೆ. ಎದುರುಗಾಳಿ ಇತ್ತು, ಲಾರಿಗಳೂ ಇದ್ದವು, ಭುಜಗಳು ಬಿಗಿದುಕೊಂಡೇ ಇದ್ದವು. ಆದರೆ ಮಣ್ಣಿಗೆ ಇಳಿಯುವುದು ಕಡಿಮೆಯಾಯಿತು. ಹಾರ್ನ್ ಕೇಳಿದಾಗ ನಿಧಾನ ಮಾಡಿ, ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ಡಾಂಬರಿನ ಮೇಲೇ ಉಳಿದೆ. ಪ್ರತಿ ಸಲವೂ ಅದು ಸಾಧ್ಯವಾಗಲಿಲ್ಲ. ಬಾಪಟ್ಲ ಸ್ಟೇಷನ್ ಸೇರುವಾಗ ನಾಲ್ಕು ಗಂಟೆ ದಾಟಿತ್ತು.

ಗೋಡೆಗೆ ಸೈಕಲ್ ಆನಿಸಿ ಮನೆಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

"ಬಾಪಟ್ಲ ಮುಟ್ಟಿದ್ನಿ. ಬ್ರಿಜ್ ಸೈಕಲ್ ಮ್ಯಾಲ ದಾಟಿದ್ನಿರಿ," ಅಂದೆ. ಆಚೆಯಿಂದ ಅವರು ಉಸಿರು ಬಿಟ್ಟಿದ್ದು ಕೇಳಿಸಿತು.

"ಊಟ ಆತೇನ್ರಿ?"

"ಇಲ್ಲ. ಈಗ ಮಾಡ್ತೀನಿ," ಅಂದರು.