ಮುನಿಯಮ್ಮಜ್ಜಿಯ ಮೂಗು

ಮುನಿಯಮ್ಮಜ್ಜಿಯದು ಮೂಗಲ್ಲ, ಪೊಲೀಸ್ ನಾಯಿ! ಅತ್ತಿಬೆಲೆ ಹತ್ತಿರ, ಅವರ ರಾಗಿ ಹೊಲವಿದ್ದ ಜಾಗದಲ್ಲಿ ಎದ್ದ ವಠಾರದಲ್ಲಿ ನಾನೂ ಒಬ್ಬ ಬಾಡಿಗೆಯವಳು. ಯಾರ ಮನೆಯ ಹಾಲು ತಳ ಹಿಡಿದರೂ ಅಜ್ಜಿಗೆ ಅಂಗಳದಲ್ಲೇ ಗೊತ್ತಾಗುತ್ತಿತ್ತು. “ಏ ರಾಯಚೂರಮ್ಮಾ, ಆಲು ಸೀದೋಗ್ತೈತೆ, ಇಳ್ಸೇ!” ಅಂತ ಮಹಡಿಗೆ ಕೇಳುವ ಹಾಗೆ ಕೂಗೋರು.

ಸುಳ್ಳಿಗೂ ವಾಸನೆ ಇದೆ ಅನ್ನೋದು ಅವರ ನಂಬಿಕೆ. ಮನೆ ಕೇಳಲು ಬಂದವರು “ನಾವಿಬ್ಬರೇ” ಅಂದರೆ ಮೂಗು ಸೊಟ್ಟ ಮಾಡಿ, “ಸುಳ್ಳು ನಾರ್ತೈತೆ ಕಣಮ್ಮಾ” ಅನ್ನೋರು. ಮರುವಾರ ನೋಡಿದರೆ ಒಳಗೆ ಆರು ಜನ! ಒಂದು ಸಲ “ನನ್ನ ಊಟ ಆಯ್ತಜ್ಜಿ” ಅಂದು ನಾನೂ ಸಿಕ್ಕಿಬಿದ್ದೆ. ಬೈಸಿಕೊಂಡು ಮುದ್ದೆ ಉಂಡೆ.

ಕೊರೊನಾ ಬಂತು. ನನ್ನ ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಒಂದು ಲ್ಯಾಬಿನಲ್ಲಿ, ಶ್ವಾಸಕೋಶದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸೋದು. ಅಜ್ಜಿ ನನ್ನನ್ನು ದೂರ ಕೂರಿಸಿ, “ಅದು ಒಳಕ್ಕೆ ಎಂಗೆ ನುಗ್ತೈತೆ?” ಅಂತ ಕೇಳಿದರು.

“ನುಗ್ಗಲ್ಲ ಅಜ್ಜಿ. ಕೋಶದ ಮೈಮೇಲೆ ಅದರದ್ದೇ ಕೆಲಸಕ್ಕೆ ಅಂತ ಹಿಡಿಗಳಿರ್ತವೆ. ವೈರಸ್ ತನ್ನ ಮುಳ್ಳನ್ನ ಆ ಹಿಡಿಗೆ ಸಿಕ್ಕಿಸತ್ತೆ, ಕೋಶನೇ ಒಳಗೆ ಬಿಟ್ಕೊಳ್ಳತ್ತೆ. ಆಮೇಲೆ ಒಳಗಿನ ಸಾಮಾನಲ್ಲೇ ತನ್ನಂಥವನ್ನ ಸಾವಿರಗಟ್ಟಲೆ ಮಾಡಿಸ್ಕೊಂಡು ಪಕ್ಕದ ಕೋಶಕ್ಕೆ ಹೋಗತ್ತೆ.”

“ಅಂದ್ರೆ ನಮ್ಮ ಒಲೆ, ನಮ್ಮ ಅಕ್ಕಿ, ಉಣ್ಣಾಕೆ ಅದರ ಮಕ್ಳು! ಮನೆಹಾಳ್ ಮುಂಡೇದು!” ಅಂತ ಶಾಪ ಹಾಕಿ, ಮೆಲ್ಲಗೆ ಕೇಳಿದರು: “ಮೊದ್ಲು ಎಲ್ಲಿಗೆ ಬತ್ತದೆ?”

“ಮೂಗಿಗೆ. ಅಲ್ಲೇ ನಿಂತರೆ ಬಚಾವ್. ಕೆಳಗಿಳಿದು ಶ್ವಾಸಕೋಶ ಸೇರಿದರೆ ಕಷ್ಟ.”

ಒಂದು ಸಂಜೆ ಕೆಲಸದಿಂದ ಬಂದರೆ, ಮಾಸ್ಕ್ ಹಾಕಿದ್ದರೂ ಗೇಟಿನಲ್ಲೇ ಸೀದ ವಾಸನೆ ಬಡಿಯಿತು. ಅಜ್ಜಿಯ ಅಡುಗೆಮನೆಯಿಂದ ಹೊಗೆ ಬರುತ್ತಿತ್ತು. ಅಜ್ಜಿ ಅದಕ್ಕೆ ಬೆನ್ನು ಹಾಕಿ ಬಾಗಿಲಲ್ಲಿ ಕೂತು, ನೆಮ್ಮದಿಯಾಗಿ ಸೊಪ್ಪು ಬಿಡಿಸುತ್ತಿದ್ದರು.

“ಅಜ್ಜೀ, ಹಾಲು!”

“ಯಾರ ಮನೇದು?” ಅಂದರು.

ಓಡಿ ಒಲೆ ಆರಿಸಿ, ಕಾಫಿಪುಡಿ ಡಬ್ಬಿ ತಂದು ಅವರ ಮೂಗಿಗೆ ಹಿಡಿದೆ. ಅಜ್ಜಿ ಮೂಸಿದರು, ಮತ್ತೆ ಮೂಸಿದರು. ಡಬ್ಬಿಯ ಮುಚ್ಚಳ ಹಾಕಿ ವಾಪಸ್ ಕೊಟ್ಟರು.

ವಾರದೊಳಗೆ ಉಸಿರು ಕೆಟ್ಟಿತು. ಅವರನ್ನು ನಾನು ಕೊನೆಯ ಸಲ ನೋಡಿದ್ದು ಆಂಬುಲೆನ್ಸ್ ಬಾಗಿಲಲ್ಲಿ. ಎರಡು ಮಾತಿಗೊಮ್ಮೆ ನಿಲ್ಲಬೇಕಾಗಿತ್ತು, ತುಟಿ ನೀಲಿಗಟ್ಟಿತ್ತು. ವೈರಸ್ ಎಲ್ಲಿಗೆ ಇಳಿದಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಲ್ಯಾಬಿನ ತಟ್ಟೆಗಳಲ್ಲಿ ಶ್ವಾಸಕೋಶದ ಕೋಶಗಳನ್ನೇ ದಿನಾ ನೋಡುತ್ತಿದ್ದೆನಲ್ಲ.

“ಎಲ್ಲೀಗಂಟ... ಇಳ್ದೈತಮ್ಮಾ?”

“ಇನ್ನೂ ಮೂಗಲ್ಲೇ ಇದೆ ಅಜ್ಜಿ.”

ಅಜ್ಜಿ ನನ್ನ ಕಡೆ ಮುಖ ತಿರುಗಿಸಿ, ಇದ್ದಬದ್ದ ಉಸಿರೆಲ್ಲ ಸೇರಿಸಿ ಒಮ್ಮೆ ಮೂಸಿದರು.

“ನಾರ್ತಿಲ್ಲ... ದಿಟಾನೇ ಇರ್ಬೇಕು” ಅಂದರು.