ಕೆಲಸಕ್ಕೆ ಹೋದ ಕೋಳಿಗಳು

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಹಿತ್ತಲಲ್ಲಿ ಇದ್ದವರು ಮೂವರು: ನಾನು, ನನ್ನ ಸೊಸೆ, ಗೊಬ್ಬರ ತಂದ ಆಟೋದವನು. ಗುಲಾಬಿ ಕುಂಡಗಳಿಗೆಂದು ಸೊಸೆ ಪರಿಚಯದವರೊಬ್ಬರ ಮನೆಯಿಂದ ಕೋಳಿ ಗೊಬ್ಬರ ತರಿಸಿದ್ದಳು. ಚೀಲದ ಬಾಯಿ ಬಿಚ್ಚಿದ ಕೂಡಲೇ ಅವರಿಬ್ಬರೂ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ನಾನು ಮುಂದಕ್ಕೆ ಬಗ್ಗಿದೆ. ಹಿಕ್ಕೆಯ ಖಾರವಾದ ವಾಸನೆಯ ಅಡಿಯಲ್ಲಿ ಒಲೆಯ ಬೂದಿಯ ವಾಸನೆ ಇತ್ತು. ಅದರ ಅಡಿಯಲ್ಲಿ ಒಣಗಿದ ಲಕ್ಕಿ ಸೊಪ್ಪಿನ ಕಹಿ ಘಾಟು. ಕೋಳಿ ಹೇನು ಆಗದಿರಲೆಂದು ಗೂಡಿಗೆ ಲಕ್ಕಿ ಸೊಪ್ಪು ಹಾಸುವವರು ಈಗಲೂ ಇದ್ದಾರಲ್ಲ ಎಂದು ಸಮಾಧಾನವಾಯಿತು. ಆಟೋದವನು ಹೊರಟುಹೋದ. ಸೊಸೆ ಕುಂಡಗಳ ಮಣ್ಣು ಸಡಿಲಿಸತೊಡಗಿದಳು. ನಾನು ಕುರ್ಚಿ ಎಳೆದುಕೊಂಡು ಚೀಲದ ಪಕ್ಕದಲ್ಲೇ ಕುಳಿತೆ. ಆ ವಾಸನೆಯೊಳಗಿಂದ ನನ್ನ ಸೋದರತ್ತೆ, ಅಪ್ಪನ ಅಕ್ಕ ದೇವೀರಮ್ಮ, ಬೂದಿ ಮೆತ್ತಿದ ಕೈಗಳೊಡನೆ ಹಾಗೇ ನೆನಪಿಗೆ ಎದ್ದು ಬಂದಿದ್ದರು.

ನಮ್ಮ ಮನೆ ಇದ್ದದ್ದು ಸುಂಟಿಕೊಪ್ಪದಿಂದ ಮಾದಾಪುರದ ಕಡೆ ಹೋಗುವ ದಾರಿಯಲ್ಲಿ. ಅಜ್ಜ ಪ್ರಾಯದಲ್ಲಿ ಹಾಸನದ ಸೀಮೆಯಿಂದ ಬಂದು, ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ ಮಾಡಿಕೊಂಡು ನೆಲೆ ನಿಂತಿದ್ದರು. ಆಗ ಕೊಡಗು ತನ್ನಷ್ಟಕ್ಕೆ ಒಂದು ರಾಜ್ಯ. ಕುಶಾಲನಗರದ ಸೇತುವೆ ದಾಟಿದರೆ ಮೈಸೂರು ಎಂದು ದೊಡ್ಡವರು ಹೇಳುವಾಗ, ಸೇತುವೆಯ ಆಚೆ ಆಕಾಶದ ಬಣ್ಣವೂ ಬೇರೆ ಇರಬಹುದೆಂದು ನಾನು ತಿಳಿದಿದ್ದೆ. ಮನೆಯಲ್ಲಿ ಎಲ್ಲದಕ್ಕೂ ಹೊತ್ತು ಗೊತ್ತಿತ್ತು. ಹಾಲು ಕರೆದ ಮೇಲೆ ಕಾಫಿ, ಕಾಫಿಯಾದ ಮೇಲೆ ಅಂಗಳ, ಅಂಗಳ ಗುಡಿಸಿ ಆದಮೇಲೆ ಮಕ್ಕಳ ತಲೆ ಬಾಚುವುದು. ದೇವೀರತ್ತೆ ಬಂದ ಮೇಲೆ ಈ ಸಾಲಿನ ನಡುವೆ ಕೋಳಿಗಳೂ ಬಂದು ಸೇರಿಕೊಂಡವು. ಮುಂದೆ ನಾನು ದಾದಿಯರ ಶಾಲೆ ಸೇರಿದಾಗ, ಹಾಸಿಗೆಯ ಬಟ್ಟೆಯಲ್ಲಿ ಒಂದು ಸುಕ್ಕು ಕಂಡರೂ ಮತ್ತೆ ಹಾಸಿಸುವ ಮೇಟ್ರನ್ ಒಬ್ಬರಿದ್ದರು. ಜೊತೆಯ ಹುಡುಗಿಯರು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ; ನಾನು ಆ ಪಾಠವನ್ನು ಕೋಳಿ ಗೂಡಿನ ಮುಂದೆಯೇ ಮುಗಿಸಿ ಹೋಗಿದ್ದೆ.

ಅತ್ತೆ ಬಂದದ್ದು ದೀಪಾವಳಿ ಕಳೆದ ಮೇಲೆ. ಅವರನ್ನು ಶನಿವಾರಸಂತೆಯ ಆಚೆಗೆ ಕೊಟ್ಟಿತ್ತು. ಮಕ್ಕಳಿರಲಿಲ್ಲ, ಗಂಡ ತೀರಿಕೊಂಡು ವರ್ಷವಾಗಿತ್ತು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಮುಚ್ಚಳ ಬಿಗಿದ ಬಿದಿರಿನ ಬುಟ್ಟಿ. ಬುಟ್ಟಿಯೊಳಗೆ ನಾಲ್ಕು ಹ್ಯಾಟೆ, ಒಂದು ಹುಂಜ. ಕೋಳಿಗಳನ್ನು ಇಳಿಸಿ, ಬುಟ್ಟಿ ತೊಳೆದು ಒಣಗಿಸಿ, ಅಡುಗೆಮನೆಯ ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದರು. ಅವ್ವ ಒಂದು ದಿನ ಅದರಲ್ಲಿ ನಿಂಬೆಹಣ್ಣು ತುಂಬಿಸಲು ಹೋದಾಗ, "ಅದೊಂದು ಇರ್ಲಿ ಕಣಮ್ಮ. ಹೊರಡೋ ದಿನ ಬೇಕಾಗ್ತದೆ" ಎಂದರು. ಅವ್ವ ನಿಂಬೆಹಣ್ಣನ್ನು ಮೊರಕ್ಕೆ ಸುರಿದಳು.

ಹೊರಡುವ ದಿನ ಇತ್ತು. ಅಜ್ಜ ಕೆಟ್ಟವರಲ್ಲ. ಆದರೆ ಮಗಳು ತವರಿಗೆ ಬಂದು ಉಳಿದುಬಿಟ್ಟರೆ, ಆ ಮನೆಯವರು ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ನಾವೇ ಊರಿಗೆ ಸಾರಿದಂತೆ ಎಂಬ ಅಳುಕು ಅವರಿಗಿತ್ತು. "ಹೆಣ್ಣುಮಗಳು ಹಬ್ಬಕ್ಕೆ ಬಂದು ಇರೋದು ಒಂದು, ಇದ್ದುಬಿಡೋದು ಇನ್ನೊಂದು" ಎಂದು ಊಟದ ಹೊತ್ತಿಗೆ ಯಾರ ಮುಖವನ್ನೂ ನೋಡದೆ ಹೇಳಿದರು. ಅತ್ತೆ ಅಂದು ಕೊಟ್ಟಿಗೆಯ ಹಿಂದಿನ ಜಾಗ ಕೇಳಿದರು. ಅದು ಯಾರಿಗೂ ಬೇಡದ ಜಾಗ. ಲಂಟಾನ, ಮುಟ್ಟಿದರೆ ಮುನಿ, ಕೆಳಗೆ ಜೇಕು ಹುಲ್ಲಿನ ಬೇರು ಹೆಣೆದುಕೊಂಡು ಗುದ್ದಲಿಯೂ ಇಳಿಯುತ್ತಿರಲಿಲ್ಲ. ಮುಂದೆ ಎಂದಾದರೂ ಅಲ್ಲಿ ಕಿತ್ತಳೆ ಹಾಕಬೇಕೆಂದು ಅಜ್ಜ ಅಂದುಕೊಂಡಿದ್ದರು.

"ಕಾಫಿ ಕುಯ್ಲಿನ ಕಾಲ. ಆಳು ಒಬ್ರೂ ಸಿಗಲ್ಲ ನಿಂಗೆ" ಎಂದರು ಅಜ್ಜ.

"ನನ್ನ ಆಳು ನಾನೇ ಕರ್ಕೊಂಡು ಬಂದಿದೀನಲ್ಲ ಅಪ್ಪಯ್ಯ."

ಅಜ್ಜನಿಗೆ ನಗು ಬಂತು, ತಡೆದುಕೊಂಡರು. "ಆಯ್ತು. ಹೂಮಳೆ ಬೀಳೋದ್ರೊಳಗೆ ಆ ನೆಲ ಪೂರಾ ಕೈಗೆ ಬಂದ್ರೆ ನಿಂದು. ಬೆಳ್ಕೊ, ಇರು. ಬರ್ಲಿಲ್ವೋ, ನಿನ್ನ ಭಾವ ಕರೆಯೋಕೆ ಬಂದಾಗ ತಕರಾರಿಲ್ದೆ ಹೊರಡ್ಬೇಕು." ಭಾವ ಎಂದರೆ ಅತ್ತೆಯ ಗಂಡನ ಅಣ್ಣ. ಕಾಫಿ ಹೂ ಬಿಡಿಸುವ ಮೊದಲ ಮಳೆ ಯಾವಾಗ ಬೀಳುತ್ತದೆಂದು ಯಾರಿಗೂ ಹೇಳಲಾಗುವುದಿಲ್ಲ. ಅದು ಅಜ್ಜನಿಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

ಅತ್ತೆ ಮೊದಲು ಕೋಳಿಗಳಿಗೆ ಮನೆ ಕಟ್ಟಿದರು. ಕೊಟ್ಟಿಗೆಯ ಗೋಡೆಗೆ ಒತ್ತಿ, ಕಲ್ಲಿನ ಕಾಲುಗಳ ಮೇಲೆ, ಎದೆಯ ಎತ್ತರಕ್ಕೆ ಹಲಗೆಯ ಗೂಡು. ಮೇಲೆ ಒಡಕು ಹೆಂಚು, ಒಳಗೆ ಬೂದಿ ಮತ್ತು ಲಕ್ಕಿ ಸೊಪ್ಪು, ಹತ್ತಿ ಇಳಿಯಲು ಸಣ್ಣದೊಂದು ಏಣಿ. ಕತ್ತಲಾಗುವ ಮೊದಲು ಏಣಿ ತೆಗೆದುಬಿಡಬೇಕು, ಇಲ್ಲದಿದ್ದರೆ ಕಾಡುಬೆಕ್ಕಿಗೆ ನಾವೇ ಮಣೆ ಹಾಕಿ ಕರೆದಂತೆ. ಹಗಲಿಗೆ ಬೇರೆ ಏರ್ಪಾಡು. ಬಿದಿರಿನ ಸೀಳುಗಳಿಂದ ತಳವಿಲ್ಲದ ದೊಡ್ಡ ಪಂಜರವೊಂದನ್ನು ಕಟ್ಟಿದರು. ಲಂಟಾನವನ್ನು ಕತ್ತಿಯಿಂದ ತಾವೇ ಕಡಿದು, ಆ ಮುಳ್ಳನ್ನೇ ಹದ್ದಿನ ಭಯಕ್ಕೆ ಪಂಜರದ ಮೇಲೆ ಹೊದಿಸಿದರು. ಬೆಳಿಗ್ಗೆ ಹಾಲು ಕರೆದಾದ ಮೇಲೆ ಒಂದು ಕಡೆ ಅತ್ತೆ, ಇನ್ನೊಂದು ಕಡೆ ಅವ್ವ ಮತ್ತು ನಾನು ಹಿಡಿದು ಪಂಜರವನ್ನು ಎತ್ತಿ, ಅದರಷ್ಟೇ ಅಗಲ ಮುಂದಕ್ಕೆ ಇಡುತ್ತಿದ್ದೆವು. ಅತ್ತೆ ಒಂದು ಹಿಡಿ ರಾಗಿಯನ್ನು ಮೇಲೆ ಚೆಲ್ಲುತ್ತಿರಲಿಲ್ಲ. ಕೋಲಿನಿಂದ ತೂತು ಮಾಡಿ ಬೇರುಗಳ ನಡುವೆ ಉದುರಿಸುತ್ತಿದ್ದರು. ಆಮೇಲೆ ಕೋಳಿಗಳನ್ನು ಬಿಟ್ಟರೆ ಅವು ಕೆದರುವ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು, ಯಾರೋ ಒಣಗಿದ ಎಲೆಗಳ ಮೇಲೆ ಬಿಡುವಿಲ್ಲದೆ ನಡೆಯುತ್ತಿರುವ ಹಾಗೆ. ಸಂಜೆಗೆ ಹುಲ್ಲಿಲ್ಲ, ಹುಳವಿಲ್ಲ, ಗೊಬ್ಬರದ ಹುಳುವಿನ ಬಿಳಿಯ ಮರಿಯೂ ಇಲ್ಲ. ಜೇಕಿನ ಗಡ್ಡೆಯನ್ನು ಕೋಳಿ ತಿನ್ನುವುದಿಲ್ಲ, ಆದರೆ ಮೇಲಕ್ಕೆ ಎಳೆದು ಹಾಕುತ್ತದೆ. ಅದನ್ನು ಆರಿಸಿ ಬಿಸಿಲಿಗೆ ಹರಡುವುದು ನನ್ನ ಕೆಲಸ. ಒಂದು ಗಡ್ಡೆ ಬಿಟ್ಟರೂ ಅತ್ತೆ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗಡ್ಡೆಯ ಪಕ್ಕದಲ್ಲಿ ಹೋಗಿ ಸುಮ್ಮನೆ ನಿಲ್ಲುತ್ತಿದ್ದರು. ಸಾಕಾಗುತ್ತಿತ್ತು.

ಶತ್ರು ಹದ್ದೂ ಅಲ್ಲ, ಕಾಡುಬೆಕ್ಕೂ ಅಲ್ಲ. ನೆಂಟರು. ಯಾರು ಬಂದರೂ ಕೋಳಿ ಕುಯ್ಯಬೇಕು. ಅದು ಮನೆಯ ಮರ್ಯಾದೆ. ಸಂಕ್ರಾಂತಿಯ ಸುಮಾರಿಗೆ ಗೋಣಿಕೊಪ್ಪಲಿನಿಂದ ಮೆಣಸಿನ ವ್ಯಾಪಾರಿಯೊಬ್ಬರು ಬಂದರು, ಅಜ್ಜನ ಹಳೆಯ ಸ್ನೇಹಿತರು. ಕೆಂಪು ಹ್ಯಾಟೆ ಹೋಯಿತು. ಅತ್ತೆ ತಾವೇ ಮಸಾಲೆ ಅರೆದರು, ತಾವೇ ಬಡಿಸಿದರು. ಆಮೇಲೆ ಅಪ್ಪನ ಕಡೆಯ ಯಾರೋ ಬಂದರು. ಕಪ್ಪು ಹ್ಯಾಟೆ ಹೋಯಿತು. ಅಮ್ಮತ್ತಿಯಿಂದ ಇನ್ನೊಬ್ಬರು, ಮತ್ತೊಂದು. ಒಂದೊಂದು ಹೋದಾಗಲೂ ಕೆದರುವ ಸದ್ದು ತೆಳ್ಳಗಾಗಿ, ಪಂಜರ ಒಂದೇ ಕಡೆ ಎರಡೆರಡು ದಿನ ನಿಲ್ಲುತ್ತಿತ್ತು. ಪುಣ್ಯಕ್ಕೆ ಉಳಿದೊಂದು ಬೂದು ಹ್ಯಾಟೆ ಬಂದ ಹೊಸದರಲ್ಲೇ ಮರಿ ಮಾಡಿತ್ತು. ಶಿವರಾತ್ರಿಯ ಹೊತ್ತಿಗೆ ಆ ಮರಿಗಳು ಎಳೆ ಕಾಲುಗಳಲ್ಲಿ ದೊಡ್ಡವರ ಹಾಗೆ ಕೆದರಲು ಕಲಿತವು. ಮೊದಲು ಹದವಾದ ತುದಿಯಲ್ಲಿ ಅತ್ತೆ ಹರಿವೆ ಬಿತ್ತಿದ್ದರು. ಕೊಟ್ಟಿಗೆ ತೊಳೆದ ನೀರು ಕುಡಿದು ಅದು ಕೆಂಪಗೆ ಎದ್ದು ನಿಂತಿತ್ತು.

ಹಲಸಿನ ಮರದ ಬುಡದ ಒಂದು ಪಟ್ಟಿ ಮಾತ್ರ ಉಳಿದಿತ್ತು. ಹಾಗಿರುವಾಗ ಒಂದು ಬೆಳಿಗ್ಗೆ, ಬಿಸಿಲು ಬೇಯಿಸುತ್ತಿದ್ದಾಗ, ಮಾದಾಪುರದ ಕಡೆಯಿಂದ ಬಸ್ಸಿಳಿದು ಭಾವ ಬಂದರು. ಗಿರಿಜಾ ಮೀಸೆಯ ಎತ್ತರದ ಮನುಷ್ಯ, ಮಾತಿನಲ್ಲಿ ಸಿಹಿ. ಕಾಲು ತೊಳೆದು ಜಗಲಿಯಲ್ಲಿ ಕೂತು, "ನಮ್ಮ ದೇವೀರಿ ಇಲ್ದೆ ಮನೆ ಮನೆಯಾಗಿಲ್ಲ ಬೀಗರೇ" ಎಂದರು. ಮನೆಯಲ್ಲಿ ಕೆಲಸಕ್ಕೆ ಕೈ ಸಾಲದು ಎಂಬುದನ್ನು ಆ ಮನುಷ್ಯ ಅಷ್ಟು ಚೆನ್ನಾಗಿ ಹೇಳಿದರು. ದಕ್ಷಿಣದ ಕಡೆ ಮೋಡ ಕಟ್ಟಿತ್ತು. ಅಜ್ಜ ಮೋಡ ನೋಡಿದರು, ಒಳಗೆ ತಿರುಗಿ, "ಆ ಹುಂಜ ಹಿಡಿಸಮ್ಮ" ಎಂದರು.

ಅತ್ತೆ ಬಾಗಿಲಿಗೆ ಬಂದು ನಿಂತರು. "ಕೋಳಿಗಳು ಕೆಲಸಕ್ಕೆ ಹೋಗಿದಾವೆ ಅಪ್ಪಯ್ಯ."

"ಕೆಲಸಕ್ಕೆ?" ಭಾವ ನಕ್ಕರು. "ಸಂಬಳ ಎಷ್ಟಮ್ಮ?"

"ಉಳುವಾಗ ನೊಗದಿಂದ ಎತ್ತು ಬಿಚ್ಚಿ ಯಾರೂ ಕೊಡಲ್ಲ ಭಾವ."

"ಅದೇನೋ ಸರಿ. ಆದ್ರೆ ಆ ಕೋಳಿ ನಮ್ಮನೆಯವೇ ಅಲ್ವಾ? ನಮ್ಮ ಕೋಳಿ ನಮಗೇ ಇಲ್ಲ ಅಂತೀಯಲ್ಲ" ಎಂದರು ಭಾವ. ನಗುನಗುತ್ತಲೇ ಹೇಳಿದರು, ಆದರೆ ಕೋಳಿಯ ವಿಷಯ ಮಾತ್ರ ಹೇಳಲಿಲ್ಲ ಎಂದು ನನಗೂ ಅರ್ಥವಾಯಿತು.

"ನಿಮ್ಮನೆಯಿಂದ ಬಂದಿದ್ರಲ್ಲಿ ಉಳಿದಿರೋದು ಆ ಹುಂಜ, ಒಂದು ಬೂದು ಹ್ಯಾಟೆ. ಹೋಗೋವಾಗ ಎರಡನ್ನೂ ಕಟ್ಟಿ ಕೊಡ್ತೀನಿ, ಜೀವಂತ. ಬಾಕಿಯವು ಇಲ್ಲೇ ಮೊಟ್ಟೆ ಒಡೆದು ಬಂದವು. ಅವಕ್ಕೆ ಬೇರೆ ಊರು ಗೊತ್ತಿಲ್ಲ."

ಬೀಗರ ಮುಂದೆ ಅಜ್ಜನ ಮಾತಿಗೆ ಯಾರಾದರೂ ಎದುರಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಊಟಕ್ಕೆ ಅಕ್ಕಿ ರೊಟ್ಟಿ, ಹರಿವೆ ಸೊಪ್ಪಿನ ಪಲ್ಯ, ಮೆಣಸು ಹಾಕಿ ಹುರಿದ ಮೊಟ್ಟೆ. ಭಾವ ಎಲೆಯ ಮೇಲೆ ಒಂದು ಸಲ ಕಣ್ಣಾಡಿಸಿ, ಇನ್ನೇನೋ ಬರಬಹುದೆಂದು ಸ್ವಲ್ಪ ಕಾದರು. ಬರಲಿಲ್ಲ. ಅಜ್ಜ ತಲೆ ತಗ್ಗಿಸಿ ತಿನ್ನುತ್ತಿದ್ದರು. ಪಲ್ಯದ ಮೇಲೆ ಅವರ ಬೆರಳು ನಿಂತಿತು. "ಈ ಸೊಪ್ಪು ಎಲ್ಲಿದು?"

"ಕೊಟ್ಟಿಗೆ ಹಿಂದಿಂದು" ಎಂದಳು ಅವ್ವ, ಅತ್ತೆ ಬಾಯಿ ತೆರೆಯುವ ಮೊದಲೇ.

"ಇನ್ನೊಂಚೂರು ಹಾಕು" ಎಂದರು ಅಜ್ಜ.

ಕೈ ತೊಳೆದು ಅಜ್ಜ ಊರುಗೋಲು ತೆಗೆದುಕೊಂಡು ಹಿಂದೆ ನಡೆದರು. ಭಾವ ಹಿಂಬಾಲಿಸಿದರು, ನಾವೆಲ್ಲ ಭಾವನ ಹಿಂದೆ. ನೆಲ ಅಲ್ಲಿ ಕಾಫಿ ಪುಡಿಯ ಹಾಗೆ ಬಿಡಿಬಿಡಿಯಾಗಿ ಬಿದ್ದಿತ್ತು. ಅಜ್ಜ ಕೋಲನ್ನು ಊರಿದರು. ಅದು ಇಳಿಯಿತು. ಕೈ ಬಿಟ್ಟರು. ಕೋಲು ತನ್ನಷ್ಟಕ್ಕೆ ನಿಂತೇ ಇತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿ, ಆಮೇಲೆ ಹಲಸಿನ ಬುಡದ ಹಸಿರು ಪಟ್ಟಿಯನ್ನು, ಅದರ ಮೇಲಿನ ಮೋಡವನ್ನು ನೋಡಿದರು. "ಅಷ್ಟೇನಾ ಉಳಿದಿರೋದು?"

"ಅಷ್ಟೇ ಅಪ್ಪಯ್ಯ."

ಅಜ್ಜ ಪಂಚೆ ಮೇಲಕ್ಕೆ ಕಟ್ಟಿದರು. ಪಂಜರದ ಒಂದು ಮೂಲೆ ಹಿಡಿದು, "ಬೀಗರೇ, ಆ ಕಡೆ ಸ್ವಲ್ಪ ಹಿಡೀರಿ" ಎಂದರು.

ಭಾವ ಹೆಗಲ ವಸ್ತ್ರ ನನ್ನ ಕೈಗೆ ಕೊಟ್ಟು, ಬಗ್ಗಿ ಹಿಡಿದರು. ಮುಳ್ಳು ಚುಚ್ಚಿ, "ಏನ್ ಬೀಗರೇ, ಊಟ ಹಾಕಿ ಕೂಲಿ ಮಾಡಿಸ್ತೀರಲ್ಲ" ಎಂದು ಗೊಣಗಿದರು. ಇಬ್ಬರು ಯಜಮಾನರು ಪಂಜರವನ್ನು ಓರೆಯಾಗಿ ಎತ್ತಿ, ಒಳಗೆ ಹುಂಜ ರೆಕ್ಕೆ ಬಡಿದು ಬೈಯುತ್ತಿರಲು, ಕೊನೆಯ ಪಟ್ಟಿಯ ಮೇಲೆ ಇಟ್ಟರು. ಅತ್ತೆ ಕೋಲಿನಿಂದ ತೂತು ಮಾಡಿ ರಾಗಿ ಉದುರಿಸಿದರು.

ಸಂಜೆಯ ಬಸ್ಸಿಗೆ ಭಾವ ಹೊರಟರು. ಅವ್ವ ಮೊಟ್ಟೆಗಳನ್ನು ಹೊಟ್ಟಿನಲ್ಲಿ ಹೂತು ಒಂದು ಕುಕ್ಕೆ ಕಟ್ಟಿಕೊಟ್ಟಳು. ಅತ್ತೆ ಗೂಟದ ಬುಟ್ಟಿಗೆ ಕೈ ಹಾಕಿ, "ಹುಂಜಾನೂ ಬೂದು ಹ್ಯಾಟೇನೂ ತರ್ತೀನಿ ಭಾವ" ಎಂದರು. ಭಾವ ಮೆಟ್ಟು ಹಾಕಿಕೊಳ್ಳುತ್ತಾ ತಲೆಯಾಡಿಸಿದರು. "ಬೇಡ ಬಿಡಮ್ಮ. ಅವಕ್ಕೂ ಈ ಜಾಗ ಒಗ್ಗಿದೆ. ಹಬ್ಬಕ್ಕೆ ಬಾ" ಎಂದರು. ಹೂಮಳೆ ಅಂದು ಬೀಳಲಿಲ್ಲ. ಬಿದ್ದಾಗ ಆ ನೆಲದಲ್ಲಿ ಅವರೆ, ಬದನೆ, ಬೆಂಡೆಯ ಸಾಲುಗಳು ಕಾಯುತ್ತಿದ್ದವು.

ಅತ್ತೆ ಬದುಕಿರುವವರೆಗೂ ಆ ಹಿತ್ತಲು ಅವರದ್ದೇ ಆಗಿತ್ತು. ಅಲ್ಲಿ ಕಿತ್ತಳೆ ಬರಲಿಲ್ಲ. ಅಜ್ಜ ಹೋದರು, ಜಮೀನು ಪಾಲಾಯಿತು, ಅಪ್ಪ ಕುಶಾಲನಗರದ ಕಡೆ ಬಂದರು, ಮನೆಯ ಹೆಂಚು ಮರಗಳನ್ನು ಕೊಂಡವರು ಬಿಚ್ಚಿಕೊಂಡು ಹೋದರು. ಈಗ ಅಲ್ಲಿ ಕೊಟ್ಟಿಗೆಯೂ ಇಲ್ಲ, ಹಲಸೂ ಇಲ್ಲ. ನಿಮ್ಮ ಮನೆಯಲ್ಲೂ ಇಂಥ ಒಂದು ಹಿತ್ತಲು, ಇಂಥ ಒಬ್ಬರು ಇದ್ದಿರಬಹುದು. ಅತ್ತೆಯ ಮುಖ ನನಗೆ ಈಗ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ. ಬೆನ್ನು ಬರುತ್ತದೆ. ಬಿಸಿಲಿಗೆ ಬಣ್ಣ ಹೋದ ರವಿಕೆ, ಪಂಜರ ಎತ್ತುವಾಗ ಬಿಗಿಯುವ ಹೆಗಲು, ಇಟ್ಟಾದ ಮೇಲೆ ಸೊಂಟದ ಮೇಲೆ ಕೈಯಿಟ್ಟು ಮುಂದಿನ ಜಾಗವನ್ನು ಅಳೆಯುವ ನಿಲುವು. ಅಷ್ಟು ಸಾಕು ಎನ್ನಿಸುತ್ತದೆ.

ಆ ದಿನ ಭಾವನ ಬಸ್ಸಿನ ಸದ್ದು ತಿರುವಿನಲ್ಲಿ ಅಡಗಿದ ಮೇಲೆ ಕೋಳಿಗಳು ಒಂದರ ಹಿಂದೆ ಒಂದು ಏಣಿ ಹತ್ತಿದವು. ಬೂದು ಹ್ಯಾಟೆ ಮತ್ತೆ ಕಾವಿಗೆ ಕೂರುವ ಲಕ್ಷಣ ತೋರಿಸುತ್ತಿತ್ತು. ಅತ್ತೆ ಒಳಗೆ ಹೋಗಿ ಗೂಟದಿಂದ ಬುಟ್ಟಿ ಇಳಿಸಿ ತಂದರು. ಅದರ ಮುಚ್ಚಳ ಕಿತ್ತು ಒಲೆಯ ಸೌದೆಯ ಜೊತೆಗೆ ಎಸೆದರು. ಬುಟ್ಟಿಯ ತಳಕ್ಕೆ ಬೂದಿ, ಅದರ ಮೇಲೆ ಲಕ್ಕಿ ಸೊಪ್ಪು, ಅದರ ಮೇಲೆ ಹುಲ್ಲು ಹಾಸಿ, ಗೂಡಿನ ಮೂಲೆಗೆ ತಳ್ಳಿ, ಹ್ಯಾಟೆಯನ್ನು ಎರಡೂ ಕೈಯಲ್ಲಿ ಎತ್ತಿ ಅದರೊಳಗೆ ಕೂರಿಸಿದರು. ಹಲಗೆ ಮುಚ್ಚಿ ಹಗ್ಗ ಬಿಗಿದರು. ನಾನು ಏಣಿ ತೆಗೆದು ಗೋಡೆಗೆ ಒರಗಿಸಿದೆ.